ಗುಂಪಿಗೆ ಸೇರದ ಚೂರುಗಳು

ಗೌರವಾನ್ವಿತ ಅಧ್ಯಕ್ಷರೇ, ಈ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದ ನನ್ನ ಗುರುಗಳೇ, ಭಾಷಣ ಬೇಗ ಮುಗಿದರೆ ಊಟಕ್ಕೆ ಏಳಬಹುದೆಂದು ಕಾದಿರುವ ಸಭಿಕರೇ,

ನಾಲ್ಕು ಒಳ್ಳೆಯ ಮಾತಾಡಲು ನನ್ನನ್ನು ಕರೆದಿದ್ದೀರಿ. ಆಡುತ್ತೇನೆ. ಮೂತ್ರಕೋಶದ ಕ್ಯಾನ್ಸರ್ ಗೆಡ್ಡೆಯಿಂದ ಚೂರು ತೆಗೆದು, ಅದರಲ್ಲಿ ಯಾವ ಜೀನು ಜೋರಾಗಿ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಎಂದು ಅಳೆದು, ರೋಗ ಎಷ್ಟು ಉಗ್ರವೆಂದು ಹೇಳುವ ಪರೀಕ್ಷೆಯನ್ನು ಗುರುಗಳು ರೂಪಿಸಿದ್ದಾರೆ. ಇಂದು ಅದರ ಬಿಡುಗಡೆ. ಇದು ಸಣ್ಣ ಕೆಲಸವೇ? ಖಂಡಿತ ಅಲ್ಲ. ಆದರೆ ಅಳೆದದ್ದು ಯಾರ ಚೂರುಗಳನ್ನು? ಯಾರಾದರೂ ಕೇಳಿದಿರಾ? ಗಂಡಸರವು. ಬರೀ ಗಂಡಸರವು.

ಹೆಂಗಸರ ಚೂರುಗಳೂ ಇದ್ದವು. ರೋಗ ಉಗ್ರವಾದಷ್ಟೂ ಜೋರಾಗುತ್ತದೆಂದು ನಾವು ನಂಬಿದ್ದ ಜೀನು, ಅವುಗಳಲ್ಲಿ ರೋಗ ಉಗ್ರವಾಗಿದ್ದರೂ ತೆಪ್ಪಗೆ ಕುಳಿತಿತ್ತು. "ಇವು ಗುಂಪಿಗೆ ಸೇರಲ್ಲಮ್ಮ, ತೆಗೆದುಬಿಡು, ಲೆಕ್ಕ ಕೆಡುತ್ತೆ" ಎಂದರು ಗುರುಗಳು. "ಹಾಗಾದ್ರೆ ಗಂಡಸರಿಗೆ ಮಾತ್ರ ಅಂತ ಬರೀರಿ ಸರ್" ಎಂದೆ. "ಹಾಗೆ ಬರೆದ್ರೆ ಯಾರು ಕೊಳ್ತಾರೆ?" ಎಂದು ನಕ್ಕರು. ನಾನು ತೆಗೆಯಲಿಲ್ಲ. ಬೇರೆಯವರ ಕೈಯಲ್ಲಿ ತೆಗೆಸಿದರು.

ಕ್ಷಮಿಸಿ, ಸ್ವಲ್ಪ ಮನೆಯ ವಿಷಯ. ನನ್ನಕ್ಕ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದು ನನ್ನನ್ನು ಓದಿಸಿದವಳು. ಊಟಕ್ಕೆ ಕೂತರೂ ಉಗುರಲ್ಲಿ ನೀಲಿ ಬಣ್ಣ. ನಮ್ಮಮ್ಮ ಬೈಯುತ್ತಿದ್ದಳು, ಇವಳು ನಗುತ್ತಿದ್ದಳು. ಇರಲಿ. ಮೂತ್ರದಲ್ಲಿ ರಕ್ತ ಕಂಡು ಹೋದಾಗಲೆಲ್ಲ ವೈದ್ಯರದು ಒಂದೇ ಮಾತು: "ಹೆಂಗಸರಿಗೆ ಇದೆಲ್ಲ ಇದ್ದದ್ದೇ, ನೀರು ಜಾಸ್ತಿ ಕುಡೀರಿ." ಕೊನೆಗೆ ಅವಳೇ ಕೇಳಬೇಕಾಯಿತು: "ಮುಟ್ಟು ನಿಂತು ಎಷ್ಟು ವರ್ಷ ಆಯ್ತು ಡಾಕ್ಟ್ರೇ, ಈ ರಕ್ತ ಎಲ್ಲಿಂದ?" ಆಮೇಲೆ ಗೆಡ್ಡೆ ಸಿಕ್ಕಿತು.

ಈ ಪರೀಕ್ಷೆಯನ್ನು ಬಿಡುಗಡೆಗೆ ಮೊದಲೇ ಆಸ್ಪತ್ರೆಗಳಿಗೆ ಹಂಚಿದ್ದೇವಲ್ಲ, ಅದನ್ನೇ ಅಕ್ಕನಿಗೂ ಮಾಡಿದರು. ಅಪಾಯ ಕಡಿಮೆ, ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ ಎಂದು ಗುರುಗಳ ಸಹಿಯಿದ್ದ ವರದಿ ಬಂತು. ಅಕ್ಕ ಫೋನಿನಲ್ಲಿ ಸಂತೋಷಕ್ಕೆ ಅತ್ತಳು. ಅದನ್ನು ನಂಬಬೇಡ ಎಂದೆ. "ನಿಮ್ಮ ಲ್ಯಾಬಿಂದಾನೇ ಬಂದಿದೆ ಕಣೇ, ಸುಳ್ಳಾಗುತ್ತಾ?" ಎಂದಳು. ಆಸ್ಪತ್ರೆಯ ಸರ್ಜನ್ ತಾವು ಕಣ್ಣಾರೆ ಕಂಡದ್ದನ್ನು ನಂಬಿ, ಮೂತ್ರಕೋಶ ತೆಗೆಯಲೇಬೇಕು ಎನ್ನುತ್ತಿದ್ದಾರೆ. ಇವಳು ಒಪ್ಪುತ್ತಿಲ್ಲ. ದೊಡ್ಡವರ ಸಹಿಯ ಮುಂದೆ ತಂಗಿಯ ಬಾಯಿಮಾತು ಯಾವ ಲೆಕ್ಕ?

ಅದಕ್ಕೇ ಅವಳನ್ನು ಇಲ್ಲಿಗೇ ಕರೆತಂದಿದ್ದೇನೆ. ಮೂರನೇ ಸಾಲಿನ ತುದಿಯಲ್ಲಿ ಕೂತಿದ್ದಾಳೆ. ಸರ್, ಅವಳಿಗೆ ನನಗಿಂತ ನಿಮ್ಮ ಮೇಲೆ ನಂಬಿಕೆ ಹೆಚ್ಚು. ಆ ಚೂರುಗಳನ್ನು ಏಕೆ ತೆಗೆಸಿದಿರಿ ಎಂದು ನೀವೇ ಅವಳಿಗೆ ಹೇಳಿ.

ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ಎಲ್ಲರಿಗೂ ವಂದನೆಗಳು. ಮೈಕ್ ಬಿಟ್ಟುಕೊಡುತ್ತಿದ್ದೇನೆ. ಬನ್ನಿ ಸರ್. ನಮಸ್ಕಾರ.