ವಾಪಸ್ ಬಂದ ಕೆಂಪು ಬೊಟ್ಟು

ವೇದಿಕೆಯ ಮೇಲೆ ಗಡಿಯಾರ ನೋಡಿಕೊಳ್ಳುತ್ತಿರುವ ಅಧ್ಯಕ್ಷರೇ, ಪಕ್ಕದಲ್ಲಿ ಆಕಳಿಕೆ ನುಂಗುತ್ತಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕೈಚೀಲದ ಜಿಪ್ ಎಳೆದು ಎದ್ದು ಹೋಗಲು ತಯಾರಾಗಿರುವ ನನ್ನ ಹೆಂಡತಿಯೇ, ಮತ್ತು ಸಭಿಕರೇ,

ನನಗೆ ಕೊಟ್ಟ ವಿಷಯ ‘ದ್ರವಗಳ ಹರಿವು ಮತ್ತು ಬೆರಕೆ’. ಇಡೀ ಆಯುಷ್ಯ ಈ ಪ್ರಯೋಗಾಲಯದಲ್ಲಿ ಕಲಕಿದ್ದೇ ಕಲಕಿದ್ದು. ಬಣ್ಣ ಕಲಕಿದೆ, ಎಣ್ಣೆ ಕಲಕಿದೆ, ಸಹೋದ್ಯೋಗಿಗಳ ತಲೆಯನ್ನೂ ಕಲಕಿದೆ. ಹರಿವಿನ ಬೆನ್ನು ಹತ್ತಿ ಹರಿದುಕೊಂಡ ಷರಟುಗಳಿಗೆ ಲೆಕ್ಕವಿಲ್ಲ. ಇವತ್ತು ಬೀಳ್ಕೊಡುಗೆ ಅಂತ ಇಸ್ತ್ರಿ ಮಾಡಿದ್ದು ಹಾಕಿಕೊಂಡು ಬಂದೆ. ಈಗಷ್ಟೇ ಅಧ್ಯಕ್ಷರು ಏನಂದರು? ‘ಇವರು ಎಲ್ಲೂ ಹೋಗಲ್ಲ, ಇನ್ನೂ ಎರಡು ವರ್ಷ ಇಲ್ಲೇ ಇರ್ತಾರೆ. ಹೋದ ವಾರಾನೇ ಒಪ್ಪಿದ್ದಾರೆ’ ಅಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಒಬ್ಬರು ತಟ್ಟಲಿಲ್ಲ.

ಆ ಒಬ್ಬರಿಗೆ ನಾನು ಹೋದ ವಾರ ಹೇಳಿದ್ದೇ ಬೇರೆ. ನಿವೃತ್ತಿಯಾದ ಮೇಲೆ ಇರೋಕೆ ಅಂತ ಇಬ್ಬರೂ ಸಮುದ್ರದ ಹತ್ತಿರ ಬಾಡಿಗೆ ಮನೆ ನೋಡಿ, ಕಿಟಕಿ ಪರದೆಗೆ ಅಳತೆ ತೆಗೆದುಕೊಂಡು ಬಂದಿದ್ದೆವು. ಟೇಪಿನ ಇನ್ನೊಂದು ತುದಿ ಹಿಡಿದವನು ನಾನೇ. ಇದನ್ನು ಇಲ್ಲಿ ಯಾಕೆ ಹೇಳಿದೆ? ಇರಲಿ, ವಿಷಯಕ್ಕೆ ಬರೋಣ.

ಈ ಮೇಜಿನ ಮೇಲೆ ನೋಡಿ. ದೊಡ್ಡ ಗಾಜಿನ ಕೊಳವೆಯೊಳಗೆ ಚಿಕ್ಕದೊಂದು ಕೊಳವೆ. ನಡುವಿನ ಸಂದಿಯಲ್ಲಿ ಜೇನಿನಂಥ ಮಂದ ಪಾಕ. ಪಾಕದೊಳಗೆ ಒಂದು ಕೆಂಪು ಬೊಟ್ಟು. ಇದನ್ನು ಕಟ್ಟಿದವಳು ನನ್ನ ಹೆಂಡತಿ, ನಾವಿಬ್ಬರೂ ಇಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ. ಹಿಡಿ ತಿರುಗಿಸಿದರೆ ಒಳಗಿನ ಕೊಳವೆ ಸುತ್ತುತ್ತದೆ, ಬೊಟ್ಟು ಎಳೆ ಎಳೆಯಾಗಿ ಮಾಯವಾಗುತ್ತದೆ. ಹೀಗೆ. ಹೋಯಿತಾ? ಎಷ್ಟು ಸುತ್ತಿದೆವೋ ಅಷ್ಟೂ ನಿಧಾನವಾಗಿ ಹಿಂದಕ್ಕೆ ಸುತ್ತಿದರೆ, ಹೋದ ಬೊಟ್ಟು ಹೋದ ಜಾಗಕ್ಕೇ ಬರುತ್ತದೆ. ನೀರಿನಲ್ಲಿ ಬರಲ್ಲ, ಅದು ನನ್ನ ಥರ, ಮಾತು ಕೇಳಲ್ಲ. ಮೊದಲ ಸಲ ನೋಡಿದಾಗ ಇದು ಕಣ್ಕಟ್ಟು ಅಂತ ಕೊಳವೆಯ ತಳ ತಡಕಿದ್ದೆ. ‘ಆತುರಗಾರರ ಕೈಗೆ ಇದು ಒಲಿಯಲ್ಲ ಕಣ್ರೀ, ಪಕ್ಕಕ್ಕೆ ಸರೀರಿ’ ಅಂದಿದ್ದಳು. ಸರಿಯಲಿಲ್ಲ, ಮದುವೆಯಾದೆ.

ಹಾಗಾದರೆ ಸಭಿಕರೇ, ಹೋದ ವಾರ ಒಪ್ಪಿದ ಮಾತನ್ನೂ ಹಿಂದಕ್ಕೆ ತಿರುಗಿಸಬಹುದೇ? ಈ ಹಿಡಿಯ ಜೊತೆಗೇ ತಿರುಗಿಸುತ್ತಿದ್ದೇನೆ, ನೋಡಿ. ಅಧ್ಯಕ್ಷರೇ, ಎರಡು ವರ್ಷ ಬೇಡ, ಒಂದೇ ವರ್ಷ ಇರ್ತೀನಿ. ಏನು ಬಂತು? ಪಾಕದಲ್ಲಿ ಬರೀ ಗುಲಾಬಿ ಪಟ್ಟಿ. ಆರು ತಿಂಗಳು? ಪಟ್ಟಿ ಸ್ವಲ್ಪ ಕಿರಿದಾಯಿತು, ಬೊಟ್ಟಾಗಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಬೆರಳು ಗಾಳಿಯಲ್ಲಿ ಸುತ್ತುತ್ತಿದೆ. ಪೂರ್ತಿ ತಿರುಗಿಸಿ ಅಂತ ಅದರ ಅರ್ಥ. ಈ ಉಪಕರಣದಲ್ಲಿ ಚೌಕಾಸಿಗೆ ಜಾಗ ಇಟ್ಟಿಲ್ಲ ನಮ್ಮವಳು.

ಸರಿ. ಪೂರ್ತಿ. ನಾಳೆಯಿಂದ ನಾನು ಬರಲ್ಲ ಅಧ್ಯಕ್ಷರೇ, ಬೀಗದ ಕೈ ಇಗೋ, ನಿಮ್ಮ ಲೋಟದ ಪಕ್ಕದಲ್ಲಿ ಇಟ್ಟೆ.

ಬಂತು ನೋಡಿ. ಅದೇ ಜಾಗ, ಅದೇ ಕೆಂಪು. ಅಂಚು ಕೊಂಚ ಮಸುಕಾಗಿದೆ. ಇಷ್ಟು ವರ್ಷ ಒಂದೇ ಪಾಕದಲ್ಲಿದ್ದ ಮೇಲೆ ಅಷ್ಟು ಸಹಜ, ದೂರಬೇಡಿ.

ಜಿಪ್ ತೆಗೆದ ಸದ್ದು ಇಲ್ಲಿಗೇ ಕೇಳಿಸಿತು. ಅಳತೆಯ ಟೇಪು ಆ ಚೀಲದಲ್ಲೇ ಇದೆ. ಅವಳು ಒಂದು ತುದಿ ಹೊರಗೆ ಎಳೆದು ಹಿಡಿದಿದ್ದಾಳೆ. ಇನ್ನೊಂದು ತುದಿ ಹಿಡಿಯಲು ನಾನು ಕೆಳಗಿಳಿಯಬೇಕು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಸಹಿಸದೆ ಸುತ್ತಿದ ಆ ಬೆರಳಿಗೂ ನನ್ನ ಕೃತಜ್ಞತೆ. ನಮಸ್ಕಾರ.