ಮೂರನೇ ಮಾಳಿಗೆಯ ಕಳ್ಳ

ಹಲೋ... ಹಲೋ, ಯಾರು ಮಾತಾಡುವುದು?... ಸ್ವಲ್ಪ ಜೋರು ಹೇಳಿ, ನಾನು ಬೇಸ್‌ಮೆಂಟಿನ ಹಳೇ ಸಾಮಾನಿನ ರೂಮಲ್ಲಿದ್ದೇನೆ, ಇಲ್ಲಿ ಸಿಗ್ನಲ್ ಸರಿ ಇಲ್ಲ...

ಹಾಂ, ಪಾಯ್ಸರಾ! ಬಿಲ್ಡಿಂಗ್ ಆಫೀಸಿನ ನಂಬರಿಂದ ಮಾಡಿದ್ದಲ್ವಾ, ಗೊತ್ತಾಗ್ಲಿಲ್ಲ. ಹೌದು, ಪೂವಪ್ಪನೇ. ಅಲ್ ಕುಸೈಸ್ ಬಿಲ್ಡಿಂಗ್, ಫ್ಲ್ಯಾಟ್ ಮುನ್ನೂರ ನಾಲ್ಕು... ಇಲ್ಲಿ ಎಂತ ಮಾಡ್ತಿದ್ದೇನೆ ಅಂತ ಆಮೇಲೆ ಹೇಳ್ತೇನೆ. ಮೊದಲು ನಿಮ್ಮದು ಹೇಳಿ...

ಎಂತ?... ಇವತ್ತೇ?... ನಾಲ್ಕು ಗಂಟೆಗಾ?...

ಅಲ್ಲ, ವಾಚ್‌ಮನ್ ಮೇಲೆ ಕಂಪ್ಲೇಂಟ್ ಕೊಟ್ಟದ್ದು ನಾನೇ, ಸರಿ. ಮೂರು ಸಲ ಕೊಟ್ಟದ್ದೂ ಸರಿ. "ಇಂಥವ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅಂತ ಬರೆದದ್ದು ಕೂಡ ನಾನೇ, ಓದಿ ಹೇಳುವುದು ಬೇಡ. ಆದರೆ ಹಾಶಿಮನನ್ನು ಕೆಲಸದಿಂದಲೇ ತೆಗೆಯುವುದು ಅಂದ್ರೆ... ವೀಸಾ ಕೂಡ ಕ್ಯಾನ್ಸಲ್ಲಾ?...

ಥ್ಯಾಂಕ್ಸ್ ಯಾಕೆ ಮಾರಾಯ್ರೇ? ಬೇಡ, ನನಗೆ ಥ್ಯಾಂಕ್ಸ್ ಹೇಳ್ಬೇಡಿ...

ಒಂದು ಕೇಳ್ತೇನೆ. ಈಗ ಒಂದು ಮಾತಿಗೆ, ಆ ಬಾಕ್ಸ್ ಕಳವೇ ಆಗಿಲ್ಲ ಅಂತ ಇಟ್ಕೊಳ್ಳಿ... ಹಾಂ, ಅದೇ ಬಾಕ್ಸ್. ನನ್ನ ಫ್ರೆಂಡ್ ಲತೇಶ್ ಊರಿಂದ ಬರುವಾಗ ನನ್ನ ಅತ್ತೆ ಕಟ್ಟಿ ಕೊಟ್ಟದ್ದು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಐದು ಕಿಲೋ ಕುಚ್ಚಲಕ್ಕಿ. ಅವನು ಬಾಗಿಲ ಹತ್ತಿರ ಇಟ್ಟು ಹೋದದ್ದು, ಸಂಜೆ ನೋಡುವಾಗ ಮಾಯ...

ಸಿಕ್ಕಿತು.

ಇಲ್ಲೇ, ಹಳೇ ಹಾಸಿಗೆಯ ಹಿಂದೆ. ಹಗ್ಗ ಕೂಡ ಬಿಚ್ಚಿಲ್ಲ... ಕಳ್ಳನಾ?... ಅವನೂ ಸಿಕ್ಕಿದ. ನೀವು ಕೂತಿದ್ದೀರಲ್ವಾ?...

ನಾನು.

ನಗ್ಬೇಡಿ... ಅಯ್ಯೋ, ಕೇಳಿ. ನಮ್ಮ ಬಿಲ್ಡಿಂಗಿನ ಸೇಫ್ಟಿ ಗ್ರೂಪ್ ಉಂಟಲ್ಲ, ವಾಟ್ಸಾಪಿನದ್ದು? "ಕಾರಿಡಾರಿನಲ್ಲಿ ಏನೂ ಇಡಬಾರದು, ಬೆಂಕಿ ಬಿದ್ದರೆ ಓಡ್ಲಿಕ್ಕೆ ದಾರಿ ಬೇಕು" ಅಂತ ದಿನಾ ಅದರಲ್ಲಿ ಉಪದೇಶ ಹಾಕುವ ಮಂಗ ನಾನೇ. ಆ ದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರ್ತೇನೆ, ನಮ್ಮ ಬಾಗಿಲಿಗೂ ಪಕ್ಕದ ರಂಜಿತನ ಬಾಗಿಲಿಗೂ ನಡುವೆ ಒಂದು ಬಾಕ್ಸ್. ಅವನದ್ದೇ ಅಂತ ತಿಳ್ಕೊಂಡೆ. ಸೈಕಲ್ ಇಟ್ಟದ್ದಕ್ಕೆ ಅವನ ಮೇಲೆ ಮೊದಲೇ ಸಿಟ್ಟಿತ್ತು. ಬುದ್ಧಿ ಕಲಿಸುವ ಅಂತ ಹೊತ್ತುಕೊಂಡು ಬಂದು ಇಲ್ಲಿ ಬಿಸಾಡಿದೆ. ಮೂರು ದಿನ ಸೊಂಟ ಹಿಡಿದಿತ್ತು...

ಇತ್ತು, ಹೆಸರು ಬರೆದಿತ್ತು! ಇಷ್ಟು ದಪ್ಪಕ್ಕೆ, "ಪೂವಪ್ಪ, ದುಬೈ" ಅಂತ. ಕನ್ನಡಕ ಮನೆಯಲ್ಲಿತ್ತು... ಲತೇಶ್ ಮಧ್ಯಾಹ್ನ ತರ್ತೇನೆ ಅಂದಿದ್ದ, ಬೆಳಿಗ್ಗೆಯೇ ಇಟ್ಟು ಹೋಗಿದ್ದ. ಎರಡೂ ಒಂದೇ ಬಾಕ್ಸ್ ಅಂತ ನನ್ನ ತಲೆಗೆ ಹೋಗ್ಲೇ ಇಲ್ಲ... ಇವತ್ತಾ? ಇವತ್ತು ರಂಜಿತನ ಸೈಕಲ್ ತಂದು ಇಲ್ಲಿ ಹಾಕುವ ಅಂತ ಬಂದದ್ದು... ಹೌದು, ಇನ್ನೂ ಬುದ್ಧಿ ಬಂದಿರಲಿಲ್ಲ...

ಹಾಂ, ಕ್ರೈಮ್ ರೇಟಿನ ಮೆಸೇಜೂ ನನ್ನದೇ. ಹನ್ನೊಂದು ವರ್ಷ ನಮ್ಮ ಬಿಲ್ಡಿಂಗಿನಲ್ಲಿ ಸೊನ್ನೆ, ಈಗ ನೂರು ಪರ್ಸೆಂಟ್ ಜಾಸ್ತಿ ಅಂತ. ಮಗಳು ಹೇಳಿದ್ದಳು, "ಪಪ್ಪಾ, ಯು ಕಾಂಟ್ ಡಿವೈಡ್ ಬೈ ಝೀರೋ." ಅವಳಿಗೆ ಬೈದೆ. ಅತ್ತೆಗೆ ಕೂಡ ಹೇಳಿದ್ದೆ, ನಿಮ್ಮ ಚಿನ್ನದ ಬಳೆ ಕಾರಿಡಾರಿನಲ್ಲಿ ಇಟ್ಟರೂ ಇಲ್ಲಿ ಒಬ್ಬರೂ ಮುಟ್ಟುವುದಿಲ್ಲ ಅಂತ. ಅವರ ಹಪ್ಪಳ ಮುಟ್ಟಿದ್ದು ಅಳಿಯನೇ...

ಅದಿರಲಿ, ಹಾಶಿಮನ ವಿಷಯ ಹೇಳಿ. ನಿಲ್ಲಿಸ್ತೀರಲ್ವಾ?... ಗ್ರೂಪಿನಲ್ಲಿ ನಾನು ಬರೀಬೇಕಾ?... ಅರುವತ್ತು ಫ್ಲ್ಯಾಟಿನವರ ಮುಂದೆ?... ಸುಮ್ಮನೆ "ಬಾಕ್ಸ್ ಸಿಕ್ಕಿತು, ಖಲಾಸ್" ಅಂತ ಹಾಕಿದ್ರೆ ಸಾಲದಾ?... ಸಾಲದು. ಹೌದು, ಎಲ್ಲರೂ ಅವನ ಮೇಲೆ ಬೀಳುವ ಹಾಗೆ ಮಾಡಿದ್ದು ನಾನೇ...

ಒಂದೇ ನನಗೆ ಅರ್ಥ ಆಗದ್ದು. ಲಿಫ್ಟಿನ ಕ್ಯಾಮೆರಾದಲ್ಲಿ ಆವತ್ತೇ ನನ್ನ ಮುಸುಡು ಕಾಣ್ಬೇಕಿತ್ತಲ್ವಾ? ಆನ್ ಮಾಡ್ಲಿಕ್ಕೆ ಮರೆತೆ ಅಂದನಲ್ಲ ಹಾಶಿಮ್... ಹಾಂ, ಇನ್ನೊಂದು ಫೋನಲ್ಲಿ ಅವನನ್ನೇ ಕೇಳಿ. ನಾನು ಬಾಕ್ಸ್ ಹೊತ್ತು ಮೆಟ್ಟಿಲು ಹತ್ತುತ್ತೇನೆ...

...

ಹಾಂ, ಹೇಳಿ. ಎಂತ ಅಂದ?... ಮೊದಲ ದಿನವೇ ನೋಡಿದ್ದನಾ?... ಮತ್ತೆ ಮರೆತೆ ಅಂತ ಯಾಕೆ ಹೇಳಿದ್ದು?...

ಅತ್ತೆ ಕಳಿಸಿದ್ದನ್ನು ನಾನು ಬೇಕೆಂದೇ ಬಿಸಾಡಿದ್ದು ಅಂತ ತಿಳ್ಕೊಂಡನಾ! ಗ್ರೂಪಿನಲ್ಲಿ ಬೊಬ್ಬೆ ಹಾಕಿದ್ದು ಹೆಂಡತಿ ಎದುರು ನಾಟಕ ಅಂತಲಾ?... ವಿಡಿಯೋ ಪ್ರಫುಲ್ಲಾ ನೋಡಿದರೆ ಜಗಳ ಆಗ್ತದೆ ಅಂತ ತಪ್ಪು ಅವನ ಮೇಲೆ ಹಾಕ್ಕೊಂಡನಾ?... ಇನ್ನೊಮ್ಮೆ ಹೇಳಿ... "ಹೆಂಡತಿ ಮಕ್ಕಳನ್ನು ಒಟ್ಟಿಗೆ ಇಟ್ಟುಕೊಂಡವರು, ಅದು ಹಾಳಾಗುವುದು ಬೇಡ" ಅಂದನಾ...

ಅವನು ಹೆಂಡತಿಯ ಮುಖ ನೋಡದೆ ಎರಡು ವರ್ಷ ಆಯ್ತು ಪಾಯ್ಸರೇ. ಅವಳು ಅಲ್ಲಿ ಊರಲ್ಲಿ, ಉಪ್ಪಳದಲ್ಲಿ. ನನಗೆ ನಾಚಿಕೆ ಆಗ್ತಾ ಉಂಟು. ತಮಾಷೆಗೆ ಹೇಳುವುದಲ್ಲ...

ಬರೀತೇನೆ. ಈಗಲೇ ಬರೀತೇನೆ, ಅಡ್ಮಿನ್ ಕೂಡ ಬೇರೆಯವರು ಆಗ್ಲಿ... ಲಾಬಿಗೆ ಬಂದೆ. ಅವನ ಬ್ಯಾಗ್ ಕಟ್ಟಿ ಇಟ್ಟಾಗಿದೆ... ಹಾಶಿಮಾ, ಕೂತ್ಕೋ, ಏಳ್ಬೇಡ... ಏ, ಬಾಕ್ಸ್ ಎಲ್ಲಿಗೆ ತಗೊಂಡು ಹೋಗ್ತಿ?...

ಪಾಯ್ಸರೇ, ಇವನು ನನ್ನ ಹೆಗಲಿಂದ ಬಾಕ್ಸ್ ಇಳಿಸಿ ಮೇಜಿನಡಿಗೆ ದೂಡ್ತಾ ಇದ್ದಾನೆ! "ಸುಮ್ಮನಿರಿ ಅಣ್ಣ, ಅಕ್ಕ ಬರ್ತಿದ್ದಾರೆ" ಅಂತ... ಹೌದು, ಪ್ರಫುಲ್ಲಾ ಗೇಟಿನ ಹತ್ತಿರ ಇದ್ದಾಳೆ, ತರಕಾರಿ ಚೀಲ ಹಿಡ್ಕೊಂಡು. ಕೆಲಸ ಹೋದವ ಈಗಲೂ ನನ್ನನ್ನೇ ಕಾಯ್ತಿದ್ದಾನಲ್ಲ ಮಾರಾಯ್ರೇ...

ಹೊರಗೆ ತೆಗಿ ಹಾಶಿಮಾ. ಮೇಜಿನ ಮೇಲಿಡು, ಹೆಸರು ಕಾಣುವ ಹಾಗೆ... ಪಾಯ್ಸರೇ, ಫೋನ್ ಇಡ್ಬೇಡಿ. ನೀವು ಕೇಳ್ತಾ ಇದ್ದರೆ ಹೇಳ್ತೇನೆ, ಇಲ್ಲದಿದ್ದರೆ ನನ್ನ ಧೈರ್ಯ ಹೋಗ್ತದೆ...

ಪ್ರಫುಲ್ಲಾ, ಇಲ್ಲಿ ಬಾ. ಕಳ್ಳ ಸಿಕ್ಕಿದ... ಇವನಲ್ಲ. ಇವನಲ್ಲ ಮಾರಾಯ್ತಿ, ಇವನಿಗೆ ಕೈ ಮುಗೀಬೇಕು ನಾವು. ನಿನ್ನ ಅಮ್ಮನ ಹಪ್ಪಳ ಕದ್ದದ್ದು ನಾ...