ನೀಲಗಂಗಿಯ ಹೊರೆಗಲ್ಲು

ಆಶ್ವೀಜದ ಮಳೆ ಮಧ್ಯಾಹ್ನವೇ ಹಿಡಿದದ್ದು ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಜಯನಗರದ ಸೀತಮ್ಮನವರ ಮನೆಯ ವರಾಂಡದಲ್ಲಿ ಸೊಪ್ಪು ಮಾರುವ ಸೊಣ್ಣಮ್ಮ ನೆನೆದ ಸೆರಗು ಹಿಂಡಿಕೊಂಡು ಕುಳಿತಿದ್ದಳು. ಕೋಣನಕುಂಟೆಯಿಂದ ದಿನವೂ ನಡೆದು ಬಂದು ಹೋಗುವ ಮುದುಕಿ. ಎಮ್ಮೆಗೆಂದು ಆಯ್ದು ತಂದ ಕೋಸಿನ ಎಲೆ, ಬಾಳೆದಿಂಡು ತುಂಬಿದ ಅವಳ ಮಂಕರಿ ಗೇಟಿನಾಚೆ ಮೋರಿಯ ಚಪ್ಪಡಿಯ ಮೇಲೆ ಮಳೆಯಲ್ಲೇ ಇತ್ತು. ಒಳಗೆ ತರುತ್ತೇವೆಂದರೂ ಅವಳು ಕೇಳಿರಲಿಲ್ಲ.

"ಮಳೆ ಸ್ವಲ್ಪ ನಿಲ್ಲಲಿ ಸೊಣ್ಣಮ್ಮ, ನಾನೇ ಬಂದು ತಲೆಗೆ ಎತ್ತಿಕೊಡ್ತೀನಿ" ಎಂದರು ಸೀತಮ್ಮ.

"ಬ್ಯಾಡವ್ವಾ. ಎತ್ತೋಳು ಅಲ್ಲೇ ಅವಳೆ."

ಮಳೆಗೆ ಸಿಕ್ಕಿಕೊಂಡು ಅಲ್ಲೇ ಕೂತಿದ್ದ ಪಕ್ಕದ ಮನೆಯ ಮೀನಾಕ್ಷಮ್ಮ ನಕ್ಕರು. "ಯಾರೇ ಅದು? ಗೇಟಿನ ಹತ್ರ ಒಂದು ನಾಯೀನೂ ಇಲ್ಲ!"

ಸೊಣ್ಣಮ್ಮನಿಗೆ ನಗು ಬರಲಿಲ್ಲ. ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಆದರೆ ಮಂಡಿ ಸೋತಿತ್ತು, ಮಗ ಇನ್ನು ಪೇಟೆ ಸಾಕು ಎಂದಿದ್ದ. ತಾನು ಬರುವುದು ನಿಂತರೆ ಆ ಎತ್ತುವವಳ ವಿಷಯ ತಿಳಿದವರು ಈ ಊರಲ್ಲಿ ಯಾರೂ ಉಳಿಯುವುದಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಕಾಲು ನೀಡಿ ಕುಳಿತಳು.

"ಕೇಳ್ರವ್ವಾ... ನೀವು ಇದನ್ನ ಜಯನಗರ ಅಂತೀರಿ. ನಾವು ಓಡಾಡೋ ಕಾಲಕ್ಕೆ ಇಲ್ಲೆಲ್ಲ ರಾಗಿ ಹೊಲ. ನಾನು, ನಮ್ಮೂರ ನೀಲಗಂಗಿ, ಇಬ್ರೂ ಸೊಪ್ಪಿನ ಮಂಕರಿ ಹೊತ್ಕೊಂಡು ಕನಕಪುರ ರಸ್ತೆ ಹಿಡಿದು ಬಂದು, ಯಡಿಯೂರು ಕೆರೆ ಏರಿ ಮೇಲೆ ಒಂದು ಹೊಂಗೆ ಮರ ಇತ್ತು, ಅದರ ಕೆಳಗೆ ಹೊರೆ ಇಳಿಸಿ ಸುಧಾರಿಸ್ಕೊಂಡು, ಆಮೇಲೆ ಬಸವನಗುಡಿ ಕಡೆ ಹೋಗೋದು. ಹೊರೆ ಇಳಿಸೋದು ಒಬ್ಬಳ ಕೈಲಿ ಹೆಂಗೋ ಆಯ್ತದೆ... ಎತ್ಕೊಳ್ಳೋದು ಆಯ್ತದಾ? ನೀಲಗಂಗೀನೇ ನನ್ನ ತಲೆ ಮೇಲೆ ಬಟ್ಟೆ ಸಿಂಬೆ ನೆಟ್ಟಗೆ ಮಾಡಿ, ಮಂಕರಿ ಎತ್ತಿಟ್ಟು, ಕೆದರಿದ ಕೂದಲನ್ನ ಕಿವಿ ಹಿಂದಕ್ಕೆ ಸೇರಿಸಿ, 'ಬಿಟ್ಟೆ ಕಣಕ್ಕ' ಅಂತ ಕೈ ಬಿಡೋಳು. ಆಮೇಲೆ ನಾನು ಹೊತ್ಕೊಂಡೇ ಮಂಡಿ ಬಗ್ಗಿಸಿ ಕೈ ಕೊಟ್ರೆ ಅವಳದ್ದು ಮೇಲಕ್ಕೆ. ಮಾತು ಅಂದ್ರೆ ಏನು ಮಾತು ಅವಳದ್ದು! ಅತ್ತೇನೂ ಬಿಡ್ತಿರಲಿಲ್ಲ, ಕೆರೇಲಿ ಒಂಟಿಕಾಲಲ್ಲಿ ನಿಂತಿರೋ ಕೊಕ್ಕರೇನೂ ಬಿಡ್ತಿರಲಿಲ್ಲ. ಒಡಹುಟ್ಟಿದೋರನ್ನೂ ನಾನು ಅಷ್ಟು ಹಚ್ಕೊಂಡಿರಲಿಲ್ಲ ಕಣವ್ವ.

"ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಾದಳು. 'ಅಕ್ಕ, ಇನ್ನೊಂದು ಹೊರೆ ಬಂತು ನೋಡು. ಇದನ್ನ ಇಳಿಸೋಕೂ ನೀನೇ ಇರ್ಬೇಕು' ಅಂದಳು. ಇದ್ದೆ... ಕೈ ಹಿಡ್ಕೊಂಡೇ ಕೂತಿದ್ದೆ. ಕೂಸು ಇಳೀಲಿಲ್ಲ. ಹೊಟ್ಟೇಲಿ ಇಟ್ಕೊಂಡೇ ಹೋಗ್ಬಿಟ್ಟಳು."

ಸೊಣ್ಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸೀತಮ್ಮ ಎದ್ದು ಹೋಗಿ ಒಂದು ಲೋಟ ಕಾಫಿ ತಂದು ಮುಂದಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ.

"ತಿಥಿ ಮುಗಿದು ಮತ್ತೆ ಸೊಪ್ಪು ಹೊತ್ಕೊಂಡು ಬಂದೆ. ಏರಿ ಮೇಲೆ, ಹೊಂಗೆ ಮರದ ಕೆಳಗೆ, ಅಭ್ಯಾಸ ನೋಡಿ... ಮಂಕರಿ ಇಳಿಸ್ಬಿಟ್ಟೆ. ಇಳಿಸಿದ ಮೇಲೆ ಗ್ಯಾನ ಬಂತು. ಎತ್ತೋರು ಯಾರು? ರಸ್ತೇಲಿ ಒಂದು ಗಾಡೀನೂ ಇಲ್ಲ. ಮಂಕರಿ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತೆ ಕಣವ್ವ, ಮಣ್ಣು ಮಾಡೋ ದಿನಾನೂ ಅಷ್ಟು ಅತ್ತಿರಲಿಲ್ಲ. ಆವಾಗ... ನನ್ನ ತಲೆ ಮೇಲಿನ ಸಿಂಬೆ ಯಾರೋ ನೆಟ್ಟಗೆ ಮಾಡಿದ ಹಂಗಾಯ್ತು. ಸಬ್ಬಸಿಗೆ ಸೊಪ್ಪಿನ ವಾಸನೆ. ಎದ್ದು ನಿಂತೆ. ಮಂಕರಿ ತಾನಾಗಿ ಮೇಲಕ್ಕೆ ಬಂತು. ತಣ್ಣಗಿನ ಬೆರಳು ಕೂದಲನ್ನ ಕಿವಿ ಹಿಂದಕ್ಕೆ ಸೇರಿಸ್ತು. 'ಬಿಟ್ಟೆ ಕಣಕ್ಕ.'

"ತಿರುಗಿ ನೋಡಿದ್ಯಾ ಅಂತೀರಾ? ತಲೆ ಮೇಲೆ ಹೊರೆ ಇಟ್ಕೊಂಡೋಳು ಹೆಂಗವ್ವಾ ತಿರುಗ್ತಾಳೆ? ಆದ್ರೆ ಪಕ್ಕದಲ್ಲೇ ಕೆರೆ ನೀರಿತ್ತಲ್ಲ... ಅದರಲ್ಲಿ ಕಾಣ್ತು. ನನ್ನ ಹಿಂದೆ ನಿಂತವಳೆ. ತುಂಬಿದ ಹೊಟ್ಟೆ ಹಂಗೇ ಐತೆ. ಎರಡು ಕೈಲೂ ಅದನ್ನ ಆತ್ಕೊಂಡು ನಿಂತವಳೆ.

"ಹಂಗೆ ಹೊಟ್ಟೆ ಇಳೀದೆ ಸತ್ತೋಳಿಗೆ ಒಂದು ಹೊರೆಗಲ್ಲು ನಿಲ್ಲಿಸ್ಬೇಕು ಅಂತಾರೆ ನಮ್ಮಲ್ಲಿ. ಎರಡು ಕಂಬ, ಮೇಲೊಂದು ಚಪ್ಪಡಿ, ಆಳೆತ್ತರಕ್ಕೆ. ದಾರೀಲಿ ಹೋಗೋರು ತಮ್ಮ ಹೊರೆ ಅದರ ಮೇಲೆ ಇಳಿಸಿದ್ರೆ ಅವಳದ್ದೂ ಇಳೀತದೆ. ಅವಳ ಗಂಡನ್ನ ಬೆನ್ನು ಹತ್ತಿ ನಾನೇ ನಿಲ್ಲಿಸ್ದೆ, ಅದೇ ಏರಿ ಮೇಲೆ. ಅಂಚಲ್ಲಿ ಒಂದು ತೊಟ್ಟಿಲು ಕೆತ್ತಿಸಿದ್ವಿ. ಅವತ್ತಿಂದ ಅವಳು ಬರಲಿಲ್ಲ. ನನಗೂ ಯಾರೂ ಎತ್ತಿಕೊಡೋದು ಬೇಕಾಗಲಿಲ್ಲ, ಕಲ್ಲಿನ ಮೇಲಿಂದ ನಾನೇ ಎತ್ಕೊತಿದ್ದೆ. ಅವಳಿಗೆ ಹಗುರಾಯ್ತು... ನಾನು ಒಂಟಿಯಾದೆ. ಆ ಕಲ್ಲಿನ ಜೊತೆ ಮಾತಾಡಿದ್ದೀನಿ ಕಣವ್ವ, ಹುಚ್ಚಿ ಹಂಗೆ.

"ಆಮೇಲೆ ನಿಮ್ಮ ಬಡಾವಣೆ ಬಂತು. ರಸ್ತೆ ಅಗಲ ಮಾಡೋರು ಕಲ್ಲು ಕಿತ್ತಾಕಿದ್ರು. ಕಂಬ ಎಲ್ಲಿ ಹೋದ್ವೋ ಕಾಣೆ. ಚಪ್ಪಡಿ ಮಾತ್ರ ಸಿಕ್ತು... ಸೊಪ್ಪು ಕೊಡೋಕೆ ಮೊದಲ ಸಲ ಈ ಮನೆಗೆ ಬಂದಾಗ."

ಇಬ್ಬರು ಹೆಂಗಸರೂ ಗೇಟಿನ ಕಡೆ ನೋಡಿದರು.

"ಅದೇ. ಮೋರಿ ಮೇಲೆ ಹಾಸಿರೋದು. ಅಂಚು ಸವರಿ ನೋಡಿ, ತೊಟ್ಟಿಲು ಸಿಗ್ತದೆ. ಕಲ್ಲು ಮಲಗಿತು, ಅವಳು ಎದ್ದಳು. ದಿನಾ ಎತ್ತಿಕೊಡ್ತಾಳೆ. ಮೊದಮೊದಲು ನನಗೆ ಎಷ್ಟು ಸಂತೋಷ ಅಂತೀರಿ! ಆಮೇಲೆ ಅಳು ಬಂತು. ಅವಳು ಬಂದವಳೆ ಅಂದ್ರೆ ಆ ಭಾರಾನೂ ಬಂದೈತೆ ಅಂತ ತಾನೇ? ಅದಕ್ಕೇ ಕೇಳ್ತೀನಿ ಅಮ್ಮಾವ್ರೇ, ಆ ಕಲ್ಲನ್ನ ಮತ್ತೆ ಎಲ್ಲಾದ್ರೂ ನಿಲ್ಲಿಸಿಕೊಡಿ. ಅವಳು ಮತ್ತೆ ಬರದಿದ್ರೂ ಚಿಂತೆ ಇಲ್ಲ."

ಮಳೆ ಸಣ್ಣಗಾಗಿತ್ತು. ಸೊಣ್ಣಮ್ಮ ಗೋಡೆ ಹಿಡಿದು ಎದ್ದು ಸಿಂಬೆ ಸುತ್ತಿಕೊಂಡಳು.

"ನಾಳೆಯಿಂದ ನಾನು ಬರಲ್ಲ, ಕಾಲು ಹೋಯ್ತು. ಅವಳು ಮಾತ್ರ ಇಲ್ಲೇ ಇರ್ತಾಳೆ. ಮೀನಾಕ್ಷಮ್ಮಾವ್ರೇ, ಮೊನ್ನೆ ನೀವು ನಲ್ಲಿಯಿಂದ ಬರ್ತಾ ನೀರಿನ ಕೊಡಾನ ಆ ಕಲ್ಲಿನ ಮೇಲೆ ಇಳಿಸಿದ್ರಲ್ಲ... ಮತ್ತೆ ಎತ್ಕೊಳ್ಳೋವಾಗ ಹಗುರ ಅನ್ನಿಸಲಿಲ್ವಾ?"

ಮೀನಾಕ್ಷಮ್ಮನ ಕೈ ತಾನಾಗಿಯೇ ಕಿವಿಯ ಹಿಂದಿನ ಕೂದಲಿಗೆ ಹೋಯಿತು.

"ಹೆದರಬೇಡ್ರವ್ವಾ. ಯಾರಿಗೂ ಏನೂ ಮಾಡಲ್ಲ ಅವಳು. ನಿಮ್ಮದನ್ನ ಎತ್ತಿಕೊಟ್ಟು... ತನ್ನದನ್ನ ಯಾರು ಇಳಿಸ್ತಾರೋ ಅಂತ ನಿಮ್ಮ ಹಿಂದೆ ನಿಂತಿರ್ತಾಳೆ, ಅಷ್ಟೇ."